ಕೊಳಕೆಯ ಬಿಸಿಗೆ ಜೊಳ್ಳಾಗದ ಭತ್ತ: ಸಂಕರದಿಂದ ಆಯ್ಕೆಯವರೆಗೆ, ಹಂತ ಹಂತವಾಗಿ

ಉಡುಪಿ, ಮಂಗಳೂರು ಕಡೆ ಕೊಳಕೆ (ಬೇಸಿಗೆಯ ಭತ್ತದ ಬೆಳೆ) ಬೇಸಾಯ ಇನ್ನೂ ಬಿಡದವರಲ್ಲಿ ಹಲವರು ಬಿಸಿ ತಡೆಯುವ ತಳಿಯನ್ನು ತಾವೇ ಮಾಡಿಕೊಳ್ಳಲು ಹೊರಟಿದ್ದಾರೆ. ಬಹುತೇಕ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಏಪ್ರಿಲ್ ಕೊನೆಗೆ ಗದ್ದೆಗಿಳಿದು, ಜೊಳ್ಳು ಕಡಿಮೆ ಇರುವ ಒಂದಷ್ಟು ತೆನೆ ಆರಿಸಿ ಬೀಜಕ್ಕೆ ಇಡುತ್ತಾರೆ. ಮುಂದಿನ ಕೊಳಕೆಯಲ್ಲಿ ಅದೇ ಬೀಜ ಮತ್ತೆ ಅಷ್ಟೇ ಜೊಳ್ಳು ಕೊಡುತ್ತದೆ. ಕಾರಣ ಸರಳ. ಆ ತೆನೆ ಹೂ ಬಿಟ್ಟ ದಿನ ಮೋಡ ಕವಿದಿತ್ತೋ, ಬಿಸಿಲು ಕಾದಿತ್ತೋ ಬರೆದಿಟ್ಟವರಿಲ್ಲ. ಹೂವಿನ ತಾರೀಕು ಮತ್ತು ಆ ಹೊತ್ತಿನ ತಾಪ ಗೊತ್ತಿಲ್ಲದೆ ಆರಿಸಿದ ತೆನೆ ಲಾಟರಿ ಟಿಕೆಟಿಗೆ ಸಮ.

ಎರಡನೆಯ ಎಡವಟ್ಟು ಗೋಧಿಯಿಂದ ಬಂದದ್ದು. ಬಿಸಿ ತಡೆಯುವ ತಳಿ ಎಂದು ಹುಡುಕಿದರೆ ಸಿಗುವ ವಿಡಿಯೊ, ಬರಹಗಳಲ್ಲಿ ಹೆಚ್ಚಿನವು ಗೋಧಿಯವು. ಗೋಧಿಗೆ ಬಿಸಿ ಜೋರಾಗಿ ತಟ್ಟುವುದು ಕಾಳು ತುಂಬುವಾಗ. ಕಾಳು ನಿಲ್ಲುತ್ತದೆ, ಆದರೆ ಸುಕ್ಕುಗಟ್ಟಿ ಹಗುರಾಗುತ್ತದೆ. ಹಾಗಾಗಿ ಉತ್ತರದ ಗೋಧಿ ತಳಿಗಾರರು ತಡವಾಗಿ ಬಿತ್ತಿ, ಸಾವಿರ ಕಾಳಿನ ತೂಕ ನೋಡಿ ಆರಿಸುತ್ತಾರೆ. ಭತ್ತಕ್ಕೆ ಏಟು ಬೀಳುವುದು ಹೂ ಅರಳುವ ಒಂದೆರಡು ಗಂಟೆಯಲ್ಲಿ. ಅಲ್ಲಿ ಕಾಳೇ ಕಟ್ಟುವುದಿಲ್ಲ. ಸಂಕರಕ್ಕಾಗಿ ಹೆಣ್ಣು ಗಿಡದ ಹೂವಿನಿಂದ ಪರಾಗಕೋಶ ತೆಗೆದು ಬೇರೆ ತಳಿಯ ಪರಾಗ ಹಾಕುವ ಕೈಕೆಲಸವೂ ಬೇರೆ. ಗೋಧಿ ಹೂವಿನಲ್ಲಿ ಮೂರು ಪರಾಗಕೋಶ, ತೆಗೆದು ಎರಡು ಮೂರು ದಿನ ಬಿಟ್ಟು ಪರಾಗ ಹಾಕುತ್ತಾರೆ. ಭತ್ತದ ಹೂವಿನಲ್ಲಿ ಆರು, ಪರಾಗ ಮರುದಿನ ಬೆಳಿಗ್ಗೆಯೇ. ಗೋಧಿಯ ವಿಡಿಯೊ ನೋಡಿ ಮೂರು ತೆಗೆದು ಕೈಬಿಟ್ಟರೆ ಉಳಿದ ಮೂರು ತಮ್ಮ ಕೆಲಸ ತಾವೇ ಮುಗಿಸುತ್ತವೆ. ನೀವು ಸಂಕರ ಎಂದುಕೊಂಡು ಎತ್ತಿಟ್ಟದ್ದು ಹಳೆಯ ತಳಿಯ ಬೀಜವೇ ಆಗಿರುತ್ತದೆ.

ಜಾಗ ಹೆಚ್ಚು ಬೇಡ, ಒಂದೆರಡು ಸೆಂಟ್ಸ್ ಸಾಕು. ಆದರೆ ನಾಲ್ಕು ಕೊಳಕೆ ಕಾಯುವ ತಾಳ್ಮೆ ಬೇಕು.

## ಮೊದಲು: ಬಿಸಿ ಹೊಡೆಯುವುದು ಎಲ್ಲಿ

ಭತ್ತದ ಹೂ ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರೊಳಗೆ ಅರಳುತ್ತದೆ. ಸಿಪ್ಪೆಯ ಎರಡು ಹೋಳು ಬಿರಿಯುತ್ತವೆ, ಪರಾಗಕೋಶ ಒಡೆದು ಹುಡಿ ಉದುರುತ್ತದೆ, ಗಂಟೆಯೊಳಗೆ ಹೂ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹೂವಿನ ಸುತ್ತಲಿನ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ. ಹುಡಿ ಬಿದ್ದರೂ ಮೊಳೆಯುವುದಿಲ್ಲ. ಒಂದು ಗಂಟೆಯ ಬಿಸಿಯೂ ಸಾಕು. ಮಧ್ಯಾಹ್ನ ಎರಡಕ್ಕೆ ಎಷ್ಟು ಕಾದರೂ ಅಂದು ಅರಳಿ ಮುಚ್ಚಿದ ಹೂವಿಗೆ ಅಷ್ಟು ತೊಂದರೆಯಿಲ್ಲ.

ಕರಾವಳಿಯ ಗುಟ್ಟು ತೇವದಲ್ಲಿದೆ. ಒಣ ಹವೆಯಲ್ಲಿ ತೆನೆಯಿಂದ ನೀರು ಆವಿಯಾಗಿ ಹೂ ಸ್ವಲ್ಪ ತಂಪಾಗುತ್ತದೆ. ನಮ್ಮ ಸೆಕೆಯಲ್ಲಿ ಆ ಅನುಕೂಲ ಇಲ್ಲ, ಹೂವಿನ ತಾಪ ಗಾಳಿಯ ತಾಪದ ಹತ್ತಿರವೇ ನಿಲ್ಲುತ್ತದೆ. ಒಣ ಸೀಮೆಯಲ್ಲಿ 37ನ್ನು ತಡೆದ ತಳಿ ಇಲ್ಲಿ 35ಕ್ಕೇ ಜೊಳ್ಳಾದರೆ ಆಶ್ಚರ್ಯಪಡಬೇಕಾಗಿಲ್ಲ. ಬೇರೆ ಊರಿನ ಫಲಿತಾಂಶ ನೋಡಿ ಬೀಜ ತರಿಸಿಕೊಂಡು ಕೈಸುಟ್ಟುಕೊಂಡವರು ಈ ಲೆಕ್ಕ ಬಿಟ್ಟಿರುತ್ತಾರೆ.

ಇನ್ನೊಂದು ನಾಜೂಕು ಹೊತ್ತಿದೆ. ತೆನೆ ಹೊರಬರುವ ಹತ್ತು ಹನ್ನೆರಡು ದಿನ ಮೊದಲು, ಗದ್ದೆ ಹೊಡೆ ಕಟ್ಟಿರುವಾಗ, ಪರಾಗ ಒಳಗೇ ರೂಪುಗೊಳ್ಳುತ್ತಿರುತ್ತದೆ. ಆಗ ಬಿದ್ದ ಬಿಸಿಯೂ ಜೊಳ್ಳಿಗೆ ದಾರಿ. ಹಾಗಾಗಿ ತಾಪದ ದಾಖಲೆ ಹೂವಿನ ದಿನಕ್ಕೆ ಮಾತ್ರವಲ್ಲ, ಅದಕ್ಕೆ ಎರಡು ವಾರ ಮೊದಲಿನಿಂದಲೇ ಬೇಕು.

## ಬೇಕಾಗುವ ಸಾಮಾನು

ಮೊನೆ ಚೂಪಾದ ಚಿಮುಟ, ಸಣ್ಣ ಕತ್ತರಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಸ್ಪಿರಿಟ್, ಹತ್ತಿ. ಬಟರ್ ಪೇಪರ್ ಚೀಲ ಮತ್ತು ಜೆಮ್ ಕ್ಲಿಪ್. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೆ ಬೆವರು ಕಟ್ಟಿ ತೆನೆ ಕೊಳೆಯುತ್ತದೆ. ಚೀಟಿಗೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒಂದು ಮಳೆಗೆ ಅಳಿಸಿಹೋಗುತ್ತದೆ. ನಾಲ್ಕೈದು ಬಣ್ಣದ ಅಕ್ರಿಲಿಕ್ ಪೇಂಟ್, ತೀರಾ ಸಣ್ಣ ಕುಂಚ, ಬಣ್ಣಬಣ್ಣದ ಟೇಪ್. ಎರಡು ಬಕೆಟ್. ಹಕ್ಕಿ ಬಲೆ. ನವಿಲು ಬರುವ ಬೈಲಾದರೆ ಬಲೆ ಮೇಲೆ ಮಾತ್ರ ಸಾಲದು, ಸುತ್ತಲೂ ಕಟ್ಟಬೇಕು. ಚೀಟಿ ಕಟ್ಟಿದ ತೆನೆಯನ್ನೇ ನವಿಲು ಮೊದಲು ಆರಿಸುತ್ತದೇನೋ ಎಂದು ಅನುಮಾನ ಬರುವಷ್ಟು ಅದರ ಕಾಟವಿದೆ.

ಇವೆಲ್ಲದರ ಜೊತೆ ತಾಪ ಮತ್ತು ತೇವ ಎರಡನ್ನೂ ತಾನೇ ಬರೆದಿಟ್ಟುಕೊಳ್ಳುವ ಸಣ್ಣ ಡೇಟಾ ಲಾಗರ್ ಒಂದು. ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ.

## ಹಂತ 1: ತಾಪ ಅಳೆಯುವ ವ್ಯವಸ್ಥೆ

ಬೀಜಕ್ಕಿಂತ ಮೊದಲು ಇದು ಸಿದ್ಧವಾಗಬೇಕು. ಲಾಗರನ್ನು ತೆನೆಯ ಎತ್ತರದಲ್ಲಿ, ಗದ್ದೆಯ ನಡುವೆ, ನೇರ ಬಿಸಿಲು ಬೀಳದಂತೆ ಕಟ್ಟಿ. ಬಿಳಿ ಬಣ್ಣದ, ಗಾಳಿಯಾಡುವ ಮರೆ ಸಾಕು. ಬಿಸಿಲಿಗೆ ತೆರೆದಿಟ್ಟ ಲಾಗರ್ ಗಾಳಿಯ ತಾಪ ತೋರಿಸುವುದಿಲ್ಲ, ತನ್ನ ಮೈಯ ತಾಪ ತೋರಿಸುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ದಾಖಲಾಗುವಂತೆ ಇಡಿ.

ಮೊಬೈಲ್ ತೋರಿಸುವ ತಾಪ ನಂಬಬೇಡಿ. ಹವಾಮಾನ ಅಳೆಯುವ ಪಣಂಬೂರು ಕಡಲ ಪಕ್ಕದಲ್ಲಿದೆ, ಬಜ್ಪೆ ವಿಮಾನ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. ನಿಮ್ಮ ಬೈಲು ಎರಡೂ ಅಲ್ಲ. ಸುತ್ತ ಅಡಿಕೆ ತೋಟ, ಗಾಳಿಯಾಡದ ತಗ್ಗು. ಅಲ್ಲಿ ಹನ್ನೊಂದು ಗಂಟೆಗೆ ಏನಾಗುತ್ತದೆ ಎಂಬುದು ಅಲ್ಲೇ ಅಳೆದರೆ ಮಾತ್ರ ಗೊತ್ತಾಗುತ್ತದೆ. ಕಡಲ ಗಾಳಿ ನಿಮ್ಮ ಗದ್ದೆಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದೂ ಗುರುತಿಸಿಕೊಳ್ಳಿ. ಪಡುಬಿದ್ರಿಯಲ್ಲಿ ಹೂವರಳುವ ಹೊತ್ತಿಗೇ ಗಾಳಿ ಬೀಸಬಹುದು. ಬೆಳ್ತಂಗಡಿ ಕಡೆಗೆ ಅದು ಬರುವಾಗ ಅಂದಿನ ಹೂವಿನ ಕತೆ ಮುಗಿದಿರುತ್ತದೆ.

## ಹಂತ 2: ಹೆಣ್ಣು ತಳಿ, ಗಂಡು ತಳಿ

ಹೆಣ್ಣಿಗೆ ನಿಮ್ಮ ಗದ್ದೆಗೆ ಒಗ್ಗಿದ, ಮನೆಯವರು ಉಣ್ಣುವ ತಳಿಯನ್ನೇ ಹಿಡಿಯಿರಿ. ಎಂಒ-4, ಜ್ಯೋತಿ, ಹೀಗೆ. ಗಂಡಿಗೆ ಬಿಸಿ ತಡೆಯುವುದರಲ್ಲಿ ಪರೀಕ್ಷೆಯಾದ ತಳಿ ಬೇಕು. ಜಗತ್ತಿನ ಭತ್ತ ಸಂಶೋಧಕರು ಮತ್ತೆ ಮತ್ತೆ ಹಿಡಿದಿರುವುದು ನಮ್ಮ ದೇಶದ್ದೇ ಆದ ನಾಗಿನಾ-22 ತಳಿಯನ್ನು. ಹೂವಿನ ಹೊತ್ತಿನ ಬಿಸಿಯನ್ನು ಇದರಷ್ಟು ತಡೆದ ತಳಿಗಳು ಬೆರಳೆಣಿಕೆ. ಆ ಗುಣಕ್ಕೆ ಸಂಬಂಧಿಸಿದ ಒಂದು ತುಣುಕನ್ನು ಇದರ ನಾಲ್ಕನೇ ವರ್ಣತಂತುವಿನಲ್ಲಿ ಗುರುತಿಸಿಯೂ ಆಗಿದೆ. ಆದರೆ ಇಳುವರಿ ಕಡಿಮೆ, ಗಿಡ ಎತ್ತರ. ಅದನ್ನೇ ತಂದು ನೆಟ್ಟರೆ ಪ್ರಯೋಜನವಿಲ್ಲ. ಗುಣ ಎರವಲು ಪಡೆಯಲು ಮಾತ್ರ ಅದು.

ಬೀಜಕ್ಕೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಮೂಲಕ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಬರವಣಿಗೆಯಲ್ಲಿ ಕೇಳಿ. ತಳಿ ಸಂಗ್ರಹ ಇರುವುದು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ಸಿಗುವುದು ಒಂದು ಹಿಡಿ. ಅಷ್ಟು ಸಾಕು.

ಇಲ್ಲಿ ಮೂರು ಎಚ್ಚರಿಕೆ.

ಏಣೆಲಿಗೆ (ಮಳೆಗಾಲದ ಬೆಳೆಗೆ) ಮಾತ್ರ ಹೊಂದುವ ಹಳೆಯ ತಳಿಗಳಲ್ಲಿ ಕೆಲವು ಹಗಲಿನ ಉದ್ದ ನೋಡಿ ಹೂ ಬಿಡುತ್ತವೆ. ಅಂಥದ್ದನ್ನು ಹೆಣ್ಣೋ ಗಂಡೋ ಮಾಡಿಕೊಂಡರೆ ಮುಂದಿನ ತಲೆಮಾರಿನ ಗಿಡಗಳಲ್ಲಿ ಒಂದಷ್ಟು ಕೊಳಕೆಯಲ್ಲಿ ತೆನೆ ಬಿಡದೆ ಗರಿಯಲ್ಲೇ ನಿಂತುಬಿಡುತ್ತವೆ. ಕಯಮೆ, ಅತಿಕರಾಯದಂಥ ಊರಿನ ತಳಿಯ ಮೇಲೆ ಪ್ರೀತಿ ಇದ್ದರೆ ಮೊದಲು ಒಂದು ಕೊಳಕೆಯಲ್ಲಿ ಹತ್ತು ಗಿಡ ನೆಟ್ಟು ಹೂ ಬರುತ್ತದೆಯೇ ನೋಡಿಕೊಳ್ಳಿ.

ಕೆಂಪಕ್ಕಿ ಕೈತಪ್ಪುತ್ತದೆಂದು ಹೆದರಬೇಡಿ. ಕೆಂಪು ಬಿಳಿಯ ಮೇಲೆ ಗೆಲ್ಲುವ ಗುಣ. ಕೆಂಪಕ್ಕಿ ತಳಿಗೆ ಬಿಳಿ ಅಕ್ಕಿಯ ಗಂಡು ಹಾಕಿದರೂ ಎರಡನೇ ತಲೆಮಾರಿನಲ್ಲಿ ನಾಲ್ಕಕ್ಕೆ ಮೂರು ಗಿಡ ಕೆಂಪು ಕಾಳನ್ನೇ ಕೊಡುತ್ತವೆ. ಆದರೆ ಸಂಕರದ ಕಾಳನ್ನು ಸುಲಿದು ಬಣ್ಣ ನೋಡಿ ಸಂಕರ ಆಯಿತೋ ಇಲ್ಲವೋ ಹೇಳಲಾಗದು. ಆ ಹೊರಪದರ ತಾಯಿಯದ್ದು, ಗಂಡು ಯಾವುದಾದರೂ ತಾಯಿಯ ಬಣ್ಣವೇ ಕಾಣುತ್ತದೆ.

ಸಾಧ್ಯವಿದ್ದರೆ ಗಂಡಿನಲ್ಲಿ ಕಣ್ಣಿಗೆ ಕಾಣುವ, ಹೆಣ್ಣಿನಲ್ಲಿಲ್ಲದ ಗುರುತು ಇರಲಿ: ಬುಡದ ಪೊರೆಯ ನೇರಳೆ ಬಣ್ಣ ಅತ್ಯುತ್ತಮ. ಹಸಿರು ಬುಡದ ತಾಯಿಯ ಬೀಜ ನೇರಳೆ ಬುಡದ ಸಸಿ ಕೊಟ್ಟರೆ ಸಂಕರ ಆಗಿದೆ ಎಂದೇ ಅರ್ಥ.

## ಹಂತ 3: ಎರಡೂ ಒಟ್ಟಿಗೆ ಹೂ ಬಿಡುವಂತೆ ಬಿತ್ತನೆ

ನಾಗಿನಾ-22 ಅಲ್ಪಾವಧಿ ತಳಿ. ಒಂದೇ ದಿನ ಬಿತ್ತಿದರೆ ಅದರ ಹೂ ಮುಗಿದು ವಾರಗಳ ಮೇಲೆ ನಿಮ್ಮ ತಳಿ ತೆನೆ ಹಾಕುತ್ತದೆ. ಹೆಣ್ಣನ್ನು ಮೊದಲು ಬಿತ್ತಿ. ಎರಡು ವಾರ ಬಿಟ್ಟು ಗಂಡಿನ ಮೊದಲ ಕಂತು, ಅಲ್ಲಿಂದ ವಾರಕ್ಕೊಂದರಂತೆ ಇನ್ನೆರಡು ಕಂತು. ಮೂರರಲ್ಲಿ ಒಂದು ಖಂಡಿತ ಹೊಂದುತ್ತದೆ.

120 ದಿನದ ತಳಿಯಾದರೆ ಹೂ ಬರುವುದು ಬಿತ್ತಿದ 85–90ನೇ ದಿನದ ಸುಮಾರಿಗೆ. ಡಿಸೆಂಬರ್ ಕೊನೆಯ ವಾರದಿಂದ ಜನವರಿ ಮೊದಲ ವಾರದೊಳಗೆ ಬಿತ್ತಿದರೆ ಹೂ ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಬರುತ್ತದೆ. ಮುಂದೆ ಬಿಸಿ ಪರೀಕ್ಷೆಗೂ ಇದೇ ಕಿಟಕಿ. ಏಪ್ರಿಲ್ ನಡುವಿನ ನಂತರ ಹೂ ಬರುವಂತೆ ಮಾಡಿದರೆ ಗುಡುಗು ಮಳೆ ಪರಾಗ ತೊಳೆದುಹಾಕಬಹುದು. ಆ ಜೊಳ್ಳು ಬಿಸಿಯ ಲೆಕ್ಕಕ್ಕೆ ಸೇರಿ ಗೊಂದಲವಾಗುತ್ತದೆ.

## ಹಂತ 4: ಗಂಡು ತೆಗೆಯುವುದು

ಇಡೀ ಕೆಲಸದಲ್ಲಿ ಕೈ ಪಳಗಬೇಕಾದ ಜಾಗ ಇದೊಂದೇ. ಅವಸರ ಬೇಡ.

ಅರ್ಧಕ್ಕಿಂತ ತುಸು ಹೆಚ್ಚು ಹೊರಬಂದ ತೆನೆಯಿರುವ ಹೆಣ್ಣು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು ಬಕೆಟ್‌ನಲ್ಲಿಟ್ಟು ಮನೆಯ ಜಗಲಿಗೆ ತನ್ನಿ. ಗದ್ದೆಯಲ್ಲಿ ಬಗ್ಗಿ ನಿಂತು, ಗಾಳಿಗೆ ಅಲ್ಲಾಡುವ ತೆನೆಯಲ್ಲಿ ಈ ಕೆಲಸ ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ: ಸಂಕರದ ತೆನೆಗೆ ಬಿಸಿ ತಾಗಬಾರದು. ಇದು ಪರೀಕ್ಷೆಯ ಹೊತ್ತಲ್ಲ.

ಹೊತ್ತು, ಸಂಜೆ ನಾಲ್ಕರ ಮೇಲೆ. ತೆನೆಯನ್ನು ಬೆಳಕಿಗೆ ಹಿಡಿಯಿರಿ. ತುದಿಯ ಹೂಗಳು ಆಗಲೇ ಅರಳಿ ಮುಗಿದಿರುತ್ತವೆ. ಹೊರಗೆ ಒಣಗಿದ ಬಿಳಿ ಪರಾಗಕೋಶ ಜೋತಾಡುತ್ತಿರುತ್ತದೆ, ಒಳಗೆ ನೆರಳು ಕಾಣುವುದಿಲ್ಲ. ಅವನ್ನು ಕತ್ತರಿಸಿ ಹಾಕಿ. ಬುಡದ ಹೂಗಳಲ್ಲಿ ಪರಾಗಕೋಶ ಇನ್ನೂ ತಳದಲ್ಲೇ ಹಸಿರಾಗಿ ಕುಳಿತಿರುತ್ತದೆ, ಅವೂ ಬೇಡ. ನಡುವಿನಲ್ಲಿ, ಪರಾಗಕೋಶದ ನೆರಳು ಸಿಪ್ಪೆಯ ಅರ್ಧ ಎತ್ತರಕ್ಕೆ ಏರಿರುವ ಹೂಗಳು ನಾಳೆ ಅರಳುವಂಥವು. ಒಂದು ತೆನೆಯಲ್ಲಿ ಅಂಥ ನಲವತ್ತು ಐವತ್ತು ಹೂ ಉಳಿಸಿಕೊಂಡರೆ ಧಾರಾಳ.

ಪ್ರತಿ ಹೂವಿನ ಮೇಲಿನ ಮೂರನೇ ಒಂದು ಭಾಗವನ್ನು ಓರೆಯಾಗಿ ಕತ್ತರಿಸಿ. ಒಳಗೆ ಹಳದಿ ಮಿಶ್ರಿತ ಹಸಿರು ಬಣ್ಣದ ಆರು ಪರಾಗಕೋಶ ಕಾಣುತ್ತವೆ. ಚಿಮುಟದ ಮೊನೆಯನ್ನು ಸಿಪ್ಪೆಯ ಬದಿಗೆ ಒತ್ತಿಕೊಂಡೇ ಇಳಿಸಿ ಒಂದೊಂದಾಗಿ ಎತ್ತಿ. ಎಣಿಸಿ: ಆರು. ನಡುವೆ ಗರಿಯಂತೆ ಕಾಣುವ ಎರಡು ಕವಲು ಹೆಣ್ಣಿನ ಭಾಗ, ಅದಕ್ಕೆ ಮೊನೆ ತಾಗಬಾರದು. ಯಾವುದಾದರೂ ಪರಾಗಕೋಶ ಒಡೆದು ಹಳದಿ ಹುಡಿ ಕಂಡರೆ ಆ ಹೂವನ್ನೇ ಪೂರ್ತಿ ಕಿತ್ತುಹಾಕಿ, ಚಿಮುಟವನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ. ಮುಗಿದ ಮೇಲೆ ಚೀಲ ಹಾಕಿ ಕ್ಲಿಪ್ ಮಾಡಿ.

ಬಿಸಿನೀರಿನಲ್ಲಿ ತೆನೆ ಅದ್ದಿ ಪರಾಗ ಕೊಲ್ಲುವ ವಿಧಾನವೂ ಇದೆ: 43 ಡಿಗ್ರಿ ನೀರು, ಐದು ನಿಮಿಷ. ಹೊಸಬರಿಗೆ ನಾನಂತೂ ಹೇಳುವುದಿಲ್ಲ. ಒಂದೆರಡು ಡಿಗ್ರಿ ಹೆಚ್ಚಾದರೆ ಹೆಣ್ಣೂ ಹೋಗುತ್ತದೆ, ಕಡಿಮೆಯಾದರೆ ಗಂಡು ಉಳಿಯುತ್ತದೆ.

ಕೈ ಸರಿ ಇದೆಯೇ ಎಂದು ತಿಳಿಯಲು ಗಂಡು ತೆಗೆದ ಒಂದು ತೆನೆಗೆ ಪರಾಗ ಹಾಕದೆ ಚೀಲ ಕಟ್ಟಿಯೇ ಬಿಡಿ. ಅದರಲ್ಲಿ ಒಂದೂ ಕಾಳು ಕಟ್ಟಬಾರದು. ಕಟ್ಟಿದರೆ ಉಳಿದ ತೆನೆಗಳ ಬೀಜವೂ ಅನುಮಾನದ್ದೇ. ಈ ಒಂದು ತೆನೆ ವ್ಯರ್ಥ ಎಂದು ಬಿಡುವವರೇ ಹೆಚ್ಚು. ನಕಲಿ ಸಂಕರವನ್ನು ಎರಡು ವರ್ಷ ಸಾಕುವವರೂ ಅವರೇ.

## ಹಂತ 5: ಪರಾಗ ಹಾಕುವುದು

ಮರುದಿನ ಬೆಳಿಗ್ಗೆ ಎಂಟೂವರೆಗೆ, ಅರಳಲು ಸಿದ್ಧವಾದ ಗಂಡು ತೆನೆಗಳನ್ನು ಉದ್ದ ಕಾಂಡದೊಂದಿಗೆ ಕೊಯ್ದು ನೀರಿನ ಬಾಟಲಿಯಲ್ಲಿ ಜಗಲಿಯ ಬೆಳಕಿಗೆ ಇಡಿ. ಹೂ ಬಿರಿದು ಪರಾಗಕೋಶ ಹೊರಗೆ ಇಣುಕಿದ ಕೂಡಲೇ ಹೆಣ್ಣಿನ ಚೀಲದ ಬಾಯಿ ತೆರೆದು, ಗಂಡು ತೆನೆಯನ್ನು ಮೇಲೆ ಹಿಡಿದು ಬೆರಳಲ್ಲಿ ತಟ್ಟಿ. ಭತ್ತದ ಪರಾಗದ ಜೀವ ಕೆಲವೇ ನಿಮಿಷ. ಫೋನ್ ಬಂತೆಂದು ಒಳಗೆ ಹೋಗಿ ಬಂದರೆ ಮುಗಿಯಿತು. ಮತ್ತೆ ಚೀಲ ಮುಚ್ಚಿ ಹೆಣ್ಣಿನ ಹೆಸರು, ಗಂಡಿನ ಹೆಸರು, ತಾರೀಕು ಬರೆದು ಕಟ್ಟಿ. ಮರುದಿನ ಇನ್ನೊಮ್ಮೆ ಪರಾಗ ಹಾಕಿದರೆ ಒಳ್ಳೆಯದು.

ನಾಲ್ಕೈದು ದಿನದಲ್ಲಿ ಕತ್ತರಿಸಿದ ಬಾಯಿಯೊಳಗೆ ಹಸಿರು ಕಾಳಿನ ತುದಿ ಏರುತ್ತಿರುವುದು ಕಾಣುತ್ತದೆ. ನೂರು ಹೂವಿಗೆ ಇಪ್ಪತ್ತು ಮೂವತ್ತು ಕಾಳು ನಿಂತರೂ ಖುಷಿಪಡಿ. ಎಂಬತ್ತು ನಿಂತರೆ ಖುಷಿಪಡಬೇಡಿ, ಅನುಮಾನಪಡಿ: ಗಂಡು ಪೂರ್ತಿ ತೆಗೆದಿಲ್ಲ. ಕಾಳು ಬಲಿಯಲು 25–30 ದಿನ.

## ಹಂತ 6: ಮೊದಲ ತಲೆಮಾರು, ಏಣೆಲಿನಲ್ಲಿ

ಮೇ ತಿಂಗಳಲ್ಲಿ ಕೈಗೆ ಬರುವುದು ತಲೆ ಕತ್ತರಿಸಿದ, ಬಾಯಿ ತೆರೆದ ಒಂದಷ್ಟು ಕಾಳು. ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಸಣ್ಣ ಬಾಟಲಿಯಲ್ಲಿಡಿ. ಮಳೆಗಾಲದ ಥಂಡಿ ಇವುಗಳಿಗೆ ಬೇಗ ತಾಗುತ್ತದೆ. ನೇರ ಗದ್ದೆಗೆ ಹಾಕಬೇಡಿ, ಕೊಳೆಯುತ್ತವೆ. ಜೂನ್‌ನಲ್ಲಿ ಸಿಪ್ಪೆ ನಾಜೂಕಾಗಿ ಬಿಡಿಸಿ, ಒದ್ದೆ ಬಟ್ಟೆಯ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಮೊಳಕೆ ಬರಿಸಿ, ಕುಂಡದಲ್ಲಿ ನೇಜಿ (ನಾಟಿಯ ಸಸಿ) ಮಾಡಿ, ಮೂರು ವಾರದ ಮೇಲೆ ಒಂದೊಂದೇ ನೆಡಿ. ಪಕ್ಕದಲ್ಲಿ ಹೆಣ್ಣು ತಳಿಯ ಒಂದು ಸಾಲು ಇರಲಿ.

ಈ ಗಿಡಗಳೆಲ್ಲ ಒಂದೇ ತರ ಇರಬೇಕು, ತಾಯಿಗಿಂತ ಬೇರೆಯಾಗಿ ಕಾಣಬೇಕು. ತಾಯಿಯ ಪಡಿಯಚ್ಚಿನಂತಿರುವ ಗಿಡವನ್ನು ಕನಿಕರವಿಲ್ಲದೆ ಕಿತ್ತುಹಾಕಿ. ಇಲ್ಲಿ ಬಿಸಿಗೆ ಆಯ್ಕೆ ಇಲ್ಲ. ನಾಲ್ಕೈದು ನಿಜವಾದ ಗಿಡ ಉಳಿದರೂ ಮುಂದಿನ ಹಂತಕ್ಕೆ ಬೀಜ ಸಾಕಾಗುತ್ತದೆ.

## ಹಂತ 7: ಎರಡನೇ ತಲೆಮಾರು ಬಿಸಿಗೆ

ಗುಣಗಳು ಚದುರಿ ಬೇರೆ ಬೇರೆ ಗಿಡಗಳಲ್ಲಿ ಕಾಣಿಸುವುದು ಇಲ್ಲಿಂದ. 500 ಗಿಡಕ್ಕಿಂತ ಕಡಿಮೆ ಇಡಬೇಡಿ. ಕುಣಿಗೊಂದೇ ನೇಜಿ, ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15. ಒಟ್ಟು 15 ಚದರ ಮೀಟರ್, ಅಂದರೆ ಅರ್ಧ ಸೆಂಟ್ಸಿಗೂ ಕಡಿಮೆ. ಜಾಗವಿಲ್ಲ ಎಂಬ ಮಾತಿಗೆ ಅರ್ಥವಿಲ್ಲ. ಪ್ರತಿ ಹತ್ತು ಸಾಲಿಗೆ ನಿಮ್ಮ ಹಳೆಯ ತಳಿಯ ಒಂದು ಸಾಲು ಹೋಲಿಕೆಗೆ ಇರಲಿ. ಹೋಲಿಕೆ ತಳಿಯನ್ನು ಎರಡು ಮೂರು ಕಂತಿನಲ್ಲಿ ನೇಜಿ ಹಾಕಿ, ಯಾವ ವಾರ ಯಾವ ಗಿಡ ಹೂ ಬಿಟ್ಟರೂ ಅದೇ ವಾರ ಹೂ ಬಿಟ್ಟ ಹೋಲಿಕೆ ಸಿಗುವಂತೆ.

ಪ್ರತಿ ಗಿಡದ ಮುಖ್ಯ ತೆನೆ ಅರ್ಧ ಹೂ ಬಿಟ್ಟ ದಿನ ಟೇಪ್ ಕಟ್ಟಿ. ಎರಡು ದಿನಕ್ಕೊಂದು ಬಣ್ಣ, ಯಾವ ಬಣ್ಣ ಯಾವ ತಾರೀಕು ಎಂದು ಪುಸ್ತಕದಲ್ಲಿ. ಬೆಳಿಗ್ಗೆ ಎಂಟಕ್ಕೆ, ಒಂಬತ್ತಕ್ಕೆ, ಹತ್ತಕ್ಕೆ ಒಂದು ಸುತ್ತು ಹಾಕಿ, ಉಳಿದವಕ್ಕಿಂತ ಮೊದಲೇ ಅರಳುವ ಗಿಡ ಕಂಡರೆ ಬೇರೆ ಗುರುತು ಹಾಕಿ. ನನ್ನ ಕಣ್ಣಲ್ಲಿ ಕರಾವಳಿಗೆ ಇದಕ್ಕಿಂತ ಬೆಲೆಬಾಳುವ ಗುಣ ಇನ್ನೊಂದಿಲ್ಲ. ತೇವ ತುಂಬಿದ ಹವೆಯಲ್ಲಿ ಪರಾಗ ಎಷ್ಟು ಗಟ್ಟಿಯಾದರೂ ಮಿತಿಯಿದೆ. ಬಿಸಿ ಏರುವ ಮೊದಲೇ ಅರಳಿ ಮುಚ್ಚುವ ಹೂವಿಗೆ ಆ ಜಗಳವೇ ಇಲ್ಲ. ಕಾಡುಭತ್ತದಿಂದ ಈ ಗುಣವನ್ನು ಐಆರ್-64ರಂಥ ತಳಿಗೆ ತಂದ ಸಂಶೋಧನೆಯೂ ನಡೆದಿದೆ.

ಆದರೆ ಬೆಳಿಗ್ಗೆ ಬೇಗ ಅರಳುವುದು ಬೇರೆ, ತಿಂಗಳ ಲೆಕ್ಕದಲ್ಲಿ ಬೇಗ ಹೂ ಬಿಡುವುದು ಬೇರೆ. ಫೆಬ್ರವರಿ ಕೊನೆಗೇ ತೆನೆ ಹಾಕಿ ತುಂಬು ಕಾಳು ಕೊಟ್ಟ ಗಿಡ ಬಿಸಿ ತಡೆದದ್ದಲ್ಲ, ಬಿಸಿಗೆ ಸಿಗದೆ ತಪ್ಪಿಸಿಕೊಂಡದ್ದು. ಅಲ್ಪಾವಧಿ ಗುಣಕ್ಕಾಗಿ ಅದನ್ನು ಇಟ್ಟುಕೊಳ್ಳಿ, ಬಿಸಿ ತಡೆಯುವ ಪಟ್ಟಿಗೆ ಸೇರಿಸಬೇಡಿ.

ಆ ವರ್ಷ ಬಿಸಿ ಸಾಲದಿದ್ದರೆ ಕೆಲವರು ಪ್ಲಾಸ್ಟಿಕ್ ಗುಡಾರ ಕಟ್ಟುತ್ತಾರೆ. ಕಟ್ಟುವುದಾದರೆ ಬುಡದಲ್ಲಿ ಒಂದು ಅಡಿ, ನೆತ್ತಿಯಲ್ಲಿ ಒಂದು ಸೀಳು ತೆರೆದಿರಲಿ. ಗುರಿ 38 ಡಿಗ್ರಿ. ಪೂರ್ತಿ ಮುಚ್ಚಿದ ಗುಡಾರದೊಳಗೆ ತಾಪ ಎಲ್ಲೆ ಮೀರಿ ಏರುತ್ತದೆ. ಒಳ್ಳೆಯದು, ಕೆಟ್ಟದ್ದು ಎಲ್ಲವೂ ಒಟ್ಟಿಗೆ ಜೊಳ್ಳಾದರೆ ಆರಿಸಲು ಏನುಳಿಯಿತು?

ನೀರು ಮಾತ್ರ ಕಡಿಮೆಯಾಗಬಾರದು. ಮಾರ್ಚ್ ಕೊನೆಗೆ ತೋಡಿನ ನೀರು ಇಳಿಯುವುದು ಎಲ್ಲರಿಗೂ ಗೊತ್ತು. ಹೊಡೆ ಕಟ್ಟಿದಾಗಿನಿಂದ ಹೂ ಮುಗಿಯುವವರೆಗೆ ಗದ್ದೆಯಲ್ಲಿ ನೀರು ನಿಂತಿರಲೇಬೇಕು, ಇಲ್ಲದಿದ್ದರೆ ನೀವು ಬಿಸಿಯನ್ನಲ್ಲ, ಬರವನ್ನು ಪರೀಕ್ಷಿಸುತ್ತಿದ್ದೀರಿ.

## ಹಂತ 8: ಜೊಳ್ಳಿನ ಕಾರಣ ಬೇರ್ಪಡಿಸಿ, ಆಮೇಲೆ ಎಣಿಸಿ

ಎಣಿಸುವ ಮೊದಲು ಜೊಳ್ಳು ಯಾರ ಕೆಲಸ ಎಂದು ನೋಡಬೇಕು. ಆತುರಗಾರರು ಹಾರುವ ಮೆಟ್ಟಿಲು ಇದು.

ತೆನೆ ಇಡಿಯಾಗಿ ಬೆಳ್ಳಗೆ ನೆಟ್ಟಗೆ ನಿಂತಿದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ: ಕಾಂಡ ಕೊರಕ. ತೆನೆಯ ಕುತ್ತಿಗೆ ಕಂದು ಕಪ್ಪಾಗಿ ಬಾಗಿದೆ: ಬೆಂಕಿ ರೋಗ. ಕಾಳಿನ ಮೇಲೆ ಕಂದು ಚುಕ್ಕೆ, ನಡುವೆ ಚುಚ್ಚಿದ ಗುರುತು, ಬೆಳಿಗ್ಗೆ ಗದ್ದೆಯಲ್ಲಿ ಗಬ್ಬು ವಾಸನೆ: ತೆನೆಯ ಹಾಲು ಹೀರುವ ತಿಗಣೆ. ಎಲೆಯ ತುದಿ ಬೆಳ್ಳಗೆ ಒಣಗಿ, ಗಿಡಗಳು ತೇಪೆ ತೇಪೆಯಾಗಿ ಸೊರಗಿದ್ದರೆ ಉಪ್ಪು ನೀರು. ಹೊಳೆಯ ಅಳಿವೆಗೆ ಹತ್ತಿರದ, ಕಿಂಡಿ ಅಣೆಕಟ್ಟಿನ ಹಲಗೆ ಸೋರುವ ಕಡೆ ಮಾರ್ಚ್‌ನಲ್ಲಿ ಇದು ಸಾಮಾನ್ಯ, ಹೂವಿನ ಹೊತ್ತಿನ ಉಪ್ಪು ಕೂಡ ಜೊಳ್ಳು ತರುತ್ತದೆ. ಇವುಗಳಲ್ಲಿ ಯಾವುದೊಂದು ಕಂಡರೂ ಆ ಗಿಡವನ್ನು ಬಿಸಿಯ ಲೆಕ್ಕದಿಂದ ಹೊರಗಿಡಿ.

ಬಿಸಿಯ ಜೊಳ್ಳು ಬೇರೆ ತರ. ಗಿಡ ಆರೋಗ್ಯವಾಗಿರುತ್ತದೆ, ತೆನೆ ಹಸಿರಾಗಿರುತ್ತದೆ, ತೂಕವಿಲ್ಲದ್ದರಿಂದ ಬಾಗದೆ ನಿಂತಿರುತ್ತದೆ. ಒಂದೇ ತೆನೆಯಲ್ಲಿ ಕೆಲವು ದಿನ ಅರಳಿದ ಹೂಗಳು ಜೊಳ್ಳಾಗಿ ಪಕ್ಕದವು ತುಂಬಿರುವುದು ಇದರ ಗುರುತು. ತೆನೆ ತುದಿಯಿಂದ ಬುಡಕ್ಕೆ ಐದಾರು ದಿನ ಅರಳುತ್ತಾ ಬರುವುದರಿಂದ ಬಿಸಿ ಬಿದ್ದ ದಿನದ ಪಟ್ಟಿ ತೆನೆಯ ಮೇಲೆಯೇ ಮೂಡಿರುತ್ತದೆ.

ಎಣಿಸುವಾಗ ಎರಡು ಗುಂಪಲ್ಲ, ಮೂರು: ತುಂಬಿದ್ದು, ಅರೆ ತುಂಬಿದ್ದು, ಪೂರ್ತಿ ಜೊಳ್ಳು. ಬೆರಳುಗಳ ನಡುವೆ ಒಂದೊಂದೇ ಒತ್ತಿ ನೋಡಿ. ಗಾಳಿಗೆ ತೂರಿ ಬೇರ್ಪಡಿಸಿದರೆ ಅರೆ ತುಂಬಿದ್ದು ಜೊಳ್ಳಿನೊಂದಿಗೆ ಹಾರಿಹೋಗುತ್ತದೆ. ಅರೆ ತುಂಬಿದ ಕಾಳಿನಲ್ಲಿ ಪರಾಗ ತನ್ನ ಕೆಲಸ ಮಾಡಿದೆ. ಆಮೇಲೆ ತುಂಬಲು ತೊಂದರೆಯಾಗಿದೆ, ಅಷ್ಟೆ. ಹಾಗಾಗಿ ಕಾಳು ಕಟ್ಟಿದ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು. ಉದಾಹರಣೆಗೆ 140 ಕಾಳಿನ ತೆನೆಯಲ್ಲಿ 98 ತುಂಬಿದ್ದು, 14 ಅರೆ, 28 ಜೊಳ್ಳು ಇದ್ದರೆ ಕಾಳು ಕಟ್ಟಿದ ಪ್ರಮಾಣ ಶೇಕಡಾ 80. ಅದೇ ದಿನ ಹೂ ಬಿಟ್ಟ ಹಳೆಯ ತಳಿಯಲ್ಲಿ ಅದು 52 ಇದ್ದರೆ 80ಕ್ಕೆ ಅರ್ಥ ಬಂತು. ಹಳೆಯ ತಳಿಯೂ 82 ಇದ್ದರೆ ನಿಮ್ಮ 80 ಏನನ್ನೂ ಹೇಳುವುದಿಲ್ಲ.

ಈ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹೋಲಿಕೆ ತಳಿ ಜೊಳ್ಳಾಗದ ವರ್ಷ ಬಿಸಿಗೆ ಆಯ್ಕೆ ಮಾಡಬೇಡಿ. ಎಲ್ಲ ಗಿಡದಿಂದ ಒಂದೊಂದು ತೆನೆ ತೆಗೆದು ಬೀಜ ಉಳಿಸಿಕೊಂಡು ಮುಂದಿನ ಕೊಳಕೆಗೆ ಕಾಯಿರಿ.

ಇನ್ನು ಎಷ್ಟು ಆರಿಸುವುದು? ಎರಡನೇ ತಲೆಮಾರಿನಲ್ಲಿ ಕೈ ಸಡಿಲ ಇರಲಿ. ಒಂದೇ ಗಿಡದ ಒಂದೇ ದಿನದ ಲೆಕ್ಕ ಅಷ್ಟು ಭದ್ರವಲ್ಲ. 500ರಲ್ಲಿ ಅತ್ಯುತ್ತಮ ಹತ್ತನ್ನು ಹಿಡಿದುಕೊಂಡವರು ಮುಂದೆ ಆ ಹತ್ತೂ ಕೈಕೊಟ್ಟಾಗ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ತೀರಾ ಜೊಳ್ಳಾದವು, ತೀರಾ ಎತ್ತರದವು, ರೋಗದವು ಹೋಗಲಿ. ನೂರು ನೂರೈವತ್ತು ಗಿಡ ಉಳಿಯಲಿ.

## ಹಂತ 9: ಏಣೆಲು ಒಂದಕ್ಕೆ, ಕೊಳಕೆ ಇನ್ನೊಂದಕ್ಕೆ

ಮೂರನೇ ತಲೆಮಾರು ಏಣೆಲಿನಲ್ಲಿ. ಗಿಡಕ್ಕೊಂದು ಸಾಲು, ಸಾಲಿಗೆ ಇಪ್ಪತ್ತು ಗಿಡ. ಮಳೆಗಾಲದಲ್ಲಿ ಬಿಸಿ ನೋಡಲಾಗದು, ಆದರೆ ಬೆಂಕಿ ರೋಗ, ಗಾಳಿ ಮಳೆಗೆ ಬೀಳುವುದು, ತೆನೆಯಿಂದ ಕಾಳು ಉದುರುವುದು ಚೆನ್ನಾಗಿ ಕಾಣುತ್ತದೆ. ಬಿದ್ದ ಸಾಲು, ರೋಗದ ಸಾಲು ತೆಗೆದುಹಾಕಿ. ಉಳಿದದ್ದರಲ್ಲಿ ಒಳ್ಳೆಯ ಮೂರು ಗಿಡದಿಂದ ತೆನೆ.

ನಾಲ್ಕನೆಯದು ಮತ್ತೆ ಕೊಳಕೆಗೆ. ಈಗ ಬಿಗಿ ಮಾಡಿ. ಟೇಪ್ ಸಾಲದು, ಹೂವಿಗೇ ಬಣ್ಣ ಹಾಕಬೇಕು: ಪ್ರತಿ ಸಾಲಿನ ನಾಲ್ಕೈದು ತೆನೆಯಲ್ಲಿ ಆ ದಿನ ಅರಳಿದ ಹೂಗಳ ಸಿಪ್ಪೆಯ ಮೇಲೆ ಕುಂಚದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ, ದಿನಕ್ಕೊಂದು ಬಣ್ಣ. ಕೊಯ್ದ ಮೇಲೆ ಬಣ್ಣವಾರು ಎಣಿಸಿ, ಆಯಾ ದಿನದ ಹತ್ತು ಗಂಟೆಯ ತಾಪದ ಪಕ್ಕ ಬರೆಯಿರಿ. 36–37 ಡಿಗ್ರಿಯ ದಿನವೂ ಕಾಳು ಕಟ್ಟಿದ ಸಾಲುಗಳು ಆಗ ತಾವಾಗಿಯೇ ಎದ್ದು ಕಾಣುತ್ತವೆ. ಹತ್ತು ಹದಿನೈದು ಸಾಲು ಉಳಿದರೆ ಸಾಕು.

ಐದನೆಯದು ಏಣೆಲಿನಲ್ಲಿ ಬೀಜ ಹೆಚ್ಚಿಸಲು. ಪ್ರತಿ ತಲೆಮಾರಿಗೆ ಮಿಶ್ರ ಗುಣ ಅರ್ಧಕ್ಕಿಳಿಯುತ್ತಾ ಬಂದು ಆರನೆಯದರ ಹೊತ್ತಿಗೆ ಶೇಕಡಾ ಮೂರರ ಸುಮಾರಿಗೆ ನಿಂತಿರುತ್ತದೆ. ನಾಲ್ಕನೆಯದರಲ್ಲೇ ತಳಿ ಸಿಕ್ಕಿತೆಂದು ನೆಂಟರಿಷ್ಟರಿಗೆ ಬೀಜ ಹಂಚಿದರೆ ಅವರ ಗದ್ದೆಯಲ್ಲಿ ಗಿಡ ಎತ್ತರ ತಗ್ಗಾಗಿ, ಒಡೆದು ಬೇರೆ ಬೇರೆಯಾಗುತ್ತದೆ. ಹೆಸರು ಕೆಡುವುದು ಹೀಗೆ.

## ಹಂತ 10: ಆರನೇ ತಲೆಮಾರಿನ ಪರೀಕ್ಷೆ, ಗದ್ದೆಯಲ್ಲೂ ಹಂಡೆಯಲ್ಲೂ

ಉಳಿದ ಸಾಲುಗಳನ್ನು, ಹಳೆಯ ತಳಿಯನ್ನು, ನಾಗಿನಾ-22 ಅನ್ನು ಗದ್ದೆಯ ಮೂರು ಕಡೆ ಸಣ್ಣ ಮಡಿಗಳಲ್ಲಿ ಜಾಗ ಬದಲಿಸಿ ನೆಡಿ. ಅಡಿಕೆ ತೋಟದ ನೆರಳು ಬೀಳುವ ಅಂಚಿನಲ್ಲಿ ಒಂದೇ ಸಾಲು ಬಂದು ಅದೇ ಗೆದ್ದರೆ ಅದು ನೆರಳಿನ ಗೆಲುವು. ಕಾಳು ಕಟ್ಟಿದ ಪ್ರಮಾಣ, ಮಡಿಯ ಒಟ್ಟು ತೂಕ ಎರಡೂ ಬರೆಯಿರಿ. ಜೊಳ್ಳು ಕಡಿಮೆ ಇದ್ದು ತೆನೆಯೇ ಸಣ್ಣದಾಗಿದ್ದರೆ ಕಣಜಕ್ಕೆ ಲಾಭವಿಲ್ಲ.

ಕೊನೆಗೆ ಅಕ್ಕಿ ಮಾಡಿ ನೋಡಿ. ಬಿಸಿಯಲ್ಲಿ ಬಲಿತ ಕಾಳಿನ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಭಾಗ ಹೆಚ್ಚು. ಭತ್ತ ಬೇಯಿಸದೆ ಬೆಳ್ತಿಗೆ ಮಾಡಿಸಿದರೆ ಮಿಲ್ಲಿನಲ್ಲಿ ನುಚ್ಚಾಗುತ್ತದೆ. ಕುಚ್ಚಲು ಮಾಡುವಾಗ ಬೇಯಿಸುವುದರಿಂದ ಆ ಭಾಗ ಗಟ್ಟಿಯಾಗಿ ಒಡೆಯುವುದು ಕಡಿಮೆಯಾಗುತ್ತದೆ. ನಮ್ಮ ಕಡೆಯ ಊಟಕ್ಕೆ ಇದು ಅನುಕೂಲವೇ. ಪ್ರತಿ ಸಾಲಿನ ಒಂದು ಕೆ.ಜಿ. ಭತ್ತ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ ಗಂಜಿ ಇಡಿ. ಬೇಯಲು ಎಷ್ಟು ಹೊತ್ತು, ಮರುದಿನಕ್ಕೆ ಅನ್ನ ಹೇಗಿರುತ್ತದೆ, ಮನೆಯವರ ಮುಖ ಹೇಗಿರುತ್ತದೆ, ಮೂರನ್ನೂ ಬರೆಯಿರಿ.

ಗೆದ್ದ ಸಾಲಿನ ಬೀಜವನ್ನು ತೇವ ಶೇಕಡಾ 12–13ಕ್ಕೆ ಇಳಿಯುವಷ್ಟು ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ಪಾಲು ಬೇರೊಬ್ಬರ ಮನೆಯಲ್ಲಿ ಇರಲಿ. ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ ಎಂಬುದು ಮಾತ್ರ ಮಿತಿ. ಹೊಸ ಸಾಲನ್ನು ರೈತರ ತಳಿಯಾಗಿ ನೋಂದಾಯಿಸುವ ಮನಸ್ಸಿದ್ದರೆ ಹೆಣ್ಣು, ಗಂಡು ತಳಿಗಳು ಎಲ್ಲಿಂದ ಬಂದವು ಎಂಬ ಕಾಗದ, ತಲೆಮಾರುವಾರು ಪುಸ್ತಕ, ಲಾಗರಿನ ದಾಖಲೆ ಒಟ್ಟಿಗೆ ಇರಲಿ. ಅರ್ಜಿ ಬರೆಯುವ ಮೊದಲು ಅವನ್ನೆಲ್ಲ ಹಿಡಿದುಕೊಂಡು ಬ್ರಹ್ಮಾವರದ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ.